ಓಪನ್ ಸೋರ್ಸ್ ತಕರಾರು: ನೋಟಿಸ್ ಕಳಿಸುವವರಿಗೂ ನೋಟಿಸ್ ಬಂದವರಿಗೂ

ಓಪನ್ ಸೋರ್ಸ್ ಎಂದರೆ ಲೈಸೆನ್ಸಿನ ಷರತ್ತುಗಳಡಿ ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದಾದ ಕೋಡ್. ಅದರ ತಕರಾರು ಎರಡು ದಿಕ್ಕಿನಿಂದ ಬರುತ್ತದೆ. ನೀವು ಬರೆದ ಕೋಡ್ ಯಾರದೋ ರೂಟರಿನಲ್ಲೋ ಟಿವಿಯಲ್ಲೋ ಸಿಗುತ್ತದೆ, ಅದರ ಜೊತೆ ಲೈಸೆನ್ಸ್ ಪಠ್ಯವೂ ಇಲ್ಲ, ಸೋರ್ಸೂ (ಡೆವಲಪರ್ ಬರೆದ ಮೂಲ ಕೋಡ್) ಇಲ್ಲ. ಇಲ್ಲವೇ ನೀವು ಮಾರುತ್ತಿರುವ ಉತ್ಪನ್ನದಲ್ಲಿ ತಮ್ಮ ಕೋಡ್ ಇದೆಯೆಂದು ಯಾರೋ ಬರೆದ ಇಮೇಲ್ ಬಂದು ಕೂತಿರುತ್ತದೆ. ಎರಡರಲ್ಲೂ ಮೊದಲು ಏಳುವ ಪ್ರಶ್ನೆ ಒಂದೇ: ಯಾರು, ಯಾವ ಸಾಲನ್ನು, ಯಾವಾಗ, ಯಾವ ಲೈಸೆನ್ಸ್ ಅಡಿಯಲ್ಲಿ ಬರೆದರು? ಇದಕ್ಕೆ ಕಾಗದದ ಮೇಲೆ ಉತ್ತರ ಕೊಡಬಲ್ಲವರ ಕೈ ಮೇಲಾಗುತ್ತದೆ. ಉಳಿದ ಕಾನೂನು ವಾದಗಳೆಲ್ಲ ಆಮೇಲಿನ ಮಾತು.

ಈ ಲೇಖನ ವಕೀಲರ ಬದಲಿಗೆ ಅಲ್ಲ. ವಕೀಲರ ಕೋಣೆಗೆ ಹೋಗುವ ಮುಂಚೆ ಕೈಯಲ್ಲಿ ಏನಿರಬೇಕು ಎಂಬುದಕ್ಕೆ.

ಮೊದಲು ತಕರಾರಿನ ಜಾತಿ ಗುರುತಿಸಿ

ಎಲ್ಲ ತಕರಾರನ್ನೂ "ಲೈಸೆನ್ಸ್ ಉಲ್ಲಂಘನೆ" ಎಂಬ ಒಂದೇ ಚೀಲಕ್ಕೆ ತುಂಬಬೇಡಿ. ಕೋಡ್ ನಕಲು ಮಾಡಿ ಷರತ್ತು ಪಾಲಿಸದಿದ್ದರೆ ಅದು ಕಾಪಿರೈಟ್ ವಿಷಯ. ಸ್ವಂತವಾಗಿ ಬರೆದ ಕೋಡೇ ಇನ್ನೊಬ್ಬರ ಆವಿಷ್ಕಾರದ ಹಕ್ಕನ್ನು ತುಳಿದರೆ ಪೇಟೆಂಟ್ ವಿಷಯ. ಪ್ರಾಜೆಕ್ಟಿನ ಹೆಸರು, ಲೋಗೊ ಬಳಸಿದ್ದರೆ ಟ್ರೇಡ್‌ಮಾರ್ಕ್. ಇವಲ್ಲದೆ ಲೈಸೆನ್ಸನ್ನೇ ಒಪ್ಪಂದವೆಂದು ನೋಡಿ ಹೂಡುವ ದಾವೆಯೂ ಉಂಟು: ಘೋಸ್ಟ್‌ಸ್ಕ್ರಿಪ್ಟ್ ಎಂಬ ತಂತ್ರಾಂಶದ ಕುರಿತ ಆರ್ಟಿಫೆಕ್ಸ್–ಹ್ಯಾನ್‌ಕಾಮ್ ಪ್ರಕರಣದಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯ 2017ರಲ್ಲಿ ಅಂಥ ವಾದ ಮುಂದುವರಿಯಲು ಬಿಟ್ಟಿತು.

ಈ ವಿಂಗಡಣೆ ಯಾಕೆಂದರೆ ಪರಿಹಾರವೇ ಬೇರೆಬೇರೆ. ಕಾಪಿರೈಟ್ ತಕರಾರನ್ನು ಸೋರ್ಸ್ ಬಿಡುಗಡೆ ಮಾಡಿ ಬಗೆಹರಿಸಬಹುದು. ಪೇಟೆಂಟ್ ತಕರಾರಿಗೆ ಸೋರ್ಸ್ ಬಿಡುಗಡೆಯಿಂದ ಏನೂ ಆಗುವುದಿಲ್ಲ. ಹೆಸರಿನ ತಕರಾರಿಗೆ ಹೆಸರು ಬದಲಿಸಿದರೆ ಮುಗಿಯಿತು.

ಷರತ್ತು ಮುರಿದರೆ ಅದು ನಿಜಕ್ಕೂ ಕಾಪಿರೈಟ್ ಉಲ್ಲಂಘನೆಯೇ, ಬಿಟ್ಟಿ ಕೊಟ್ಟ ಕೋಡಿಗೆ ಏನು ನಷ್ಟ ಎಂಬ ವಾದ ಬಹುಕಾಲ ನಡೆಯುತ್ತಿತ್ತು. ಅಮೆರಿಕದ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ 2008ರ ಆಗಸ್ಟಿನಲ್ಲಿ ಜೇಕಬ್‌ಸನ್–ಕಾಟ್ಜರ್ ತೀರ್ಪಿನಲ್ಲಿ ಅದಕ್ಕೆ ತೆರೆ ಎಳೆಯಿತು. ಆಟಿಕೆ ರೈಲುಗಳನ್ನು ನಿಯಂತ್ರಿಸುವ ತಂತ್ರಾಂಶ ಅದು. ಲೇಖಕರ ಹೆಸರು ಉಳಿಸಬೇಕು, ಬದಲಾವಣೆಗಳನ್ನು ಗುರುತಿಸಬೇಕು ಎಂಬ ಮಾತುಗಳು ಬರಿಯ ವಿನಂತಿಯಲ್ಲ, ಷರತ್ತುಗಳು ಎಂದು ನ್ಯಾಯಾಲಯ ಹೇಳಿತು. 2010ರಲ್ಲಿ ರಾಜಿಯಾದಾಗ ಎದುರು ಪಕ್ಷ 1 ಲಕ್ಷ ಡಾಲರ್ ಕೊಡಬೇಕಾಯಿತು.

ಹಕ್ಕು ನಿಮ್ಮದೇ ಎಂದು ತೋರಿಸಿ

ಎಡವುವವರಲ್ಲಿ ಬಹಳ ಜನ ಇಲ್ಲೇ ಎಡವುತ್ತಾರೆ. ಲಿನಕ್ಸ್ ಕರ್ನಲ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಡೆವಲಪರ್ ಕ್ರಿಸ್ಟೋಫ್ ಹೆಲ್‌ವಿಗ್ ಅವರು ವಿಎಂವೇರ್ ಕಂಪನಿಯ ವಿರುದ್ಧ ಹೂಡಿದ ದಾವೆಯಲ್ಲಿ ದೊಡ್ಡ ಪ್ರಶ್ನೆಯೊಂದಿತ್ತು: ಜಿಪಿಎಲ್ (ಕೋಡ್ ಹಂಚುವವರು ಸೋರ್ಸನ್ನೂ ಕೊಡಬೇಕೆನ್ನುವ ಲೈಸೆನ್ಸ್) ಅಡಿಯ ಕೋಡಿಗೆ ಸ್ವಾಮ್ಯದ ಕೋಡನ್ನು ಜೋಡಿಸಿದರೆ ಎರಡೂ ಸೇರಿ ಒಂದೇ ಕೃತಿಯಾಗುತ್ತದೆಯೇ? ಉತ್ತರಕ್ಕಾಗಿ ಎಲ್ಲರೂ ಕಾದಿದ್ದರು. ಆದರೆ ಹ್ಯಾಂಬರ್ಗ್ ನ್ಯಾಯಾಲಯ 2016ರಲ್ಲಿ ಆ ಪ್ರಶ್ನೆಯ ಹತ್ತಿರಕ್ಕೂ ಹೋಗಲಿಲ್ಲ. ಯಾವ ಭಾಗ ಹೆಲ್‌ವಿಗ್ ಬರೆದದ್ದು, ಅದು ವಿಎಂವೇರ್ ಉತ್ಪನ್ನದಲ್ಲಿ ಎಲ್ಲಿದೆ, ಕಾಪಿರೈಟ್ ಸಿಗುವಷ್ಟು ಸ್ವಂತಿಕೆ ಅದರಲ್ಲಿ ಇದೆಯೇ ಎಂಬುದು ಸಾಕಷ್ಟು ಸ್ಪಷ್ಟವಾಗಿಲ್ಲ ಎಂದು ದಾವೆ ವಜಾ ಮಾಡಿತು. 2019ರಲ್ಲಿ ಮೇಲ್ಮನವಿಯೂ ಬಿತ್ತು. ಗಿಟ್ (ಕೋಡಿನ ಪ್ರತಿ ಬದಲಾವಣೆಯನ್ನು ದಾಖಲಿಸುವ ಉಪಕರಣ) ಇತಿಹಾಸದ ದೊಡ್ಡ ಕಟ್ಟನ್ನು ನ್ಯಾಯಾಧೀಶರ ಮುಂದೆ ಇಟ್ಟು "ನೀವೇ ನೋಡಿಕೊಳ್ಳಿ" ಎಂದರೆ ಯಾವ ನ್ಯಾಯಾಧೀಶರೂ ನೋಡುವುದಿಲ್ಲ.

ಹಾಗಾಗಿ ಒಂದು ಕೋಷ್ಟಕ ಮಾಡಿ. ಎಡಗಡೆ ನಿಮ್ಮ ಫೈಲ್ ಮತ್ತು ಸಾಲಿನ ಸಂಖ್ಯೆ. ಪಕ್ಕದಲ್ಲಿ ಅದನ್ನು ತಂದ ಕಮಿಟ್‌ನ (ಗಿಟ್‌ನಲ್ಲಿ ದಾಖಲಾದ ಒಂದು ಬದಲಾವಣೆ) ಹ್ಯಾಶ್ ಎಂಬ ಗುರುತು ಮತ್ತು ದಿನಾಂಕ. ಮೂರನೆಯದರಲ್ಲಿ ಎದುರು ಉತ್ಪನ್ನದಲ್ಲಿ ಅದೇ ಕೋಡ್ ಇರುವ ಜಾಗ. ನಾಲ್ಕನೆಯದರಲ್ಲಿ ಆ ಭಾಗ ಏನು ಮಾಡುತ್ತದೆ, ಬೇರೆ ರೀತಿಯಲ್ಲಿ ಬರೆಯಲು ಎಷ್ಟು ದಾರಿಗಳಿದ್ದವು ಎಂದು ಎರಡು ಸಾಲು. ಈ ನಾಲ್ಕನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಆದರೆ ಸ್ವಂತಿಕೆಯ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ. ಇಪ್ಪತ್ತು ಗಟ್ಟಿ ಸಾಲುಗಳ ಕೋಷ್ಟಕ ಎರಡು ಸಾವಿರ ಕಮಿಟ್‌ಗಳ ಪಟ್ಟಿಗಿಂತ ಮೇಲು.

ಯಾವ ಸಾಲು ಯಾರದೆಂದು ತೋರಿಸುವ ಗಿಟ್ ಬ್ಲೇಮ್ ಆಜ್ಞೆಯನ್ನು ಕುರುಡಾಗಿ ನಂಬಬೇಡಿ. ಯಾರೋ ಒಮ್ಮೆ ಇಂಡೆಂಟೇಶನ್ ಸರಿಪಡಿಸಿದ್ದರೆ ಸಾಲೆಲ್ಲ ಅವರ ಹೆಸರಿಗೆ ಬಿದ್ದಿರುತ್ತದೆ. ಖಾಲಿ ಜಾಗದ ಬದಲಾವಣೆಗಳನ್ನು ಕಡೆಗಣಿಸುವ ಆಯ್ಕೆಯನ್ನೂ ಬೇರೆ ಫೈಲಿನಿಂದ ಸ್ಥಳಾಂತರಗೊಂಡ ಸಾಲು ಪತ್ತೆಹಚ್ಚುವ ಆಯ್ಕೆಯನ್ನೂ ಹಾಕಿ ನೋಡಿ. ಹಳೆಯ ಪ್ರಾಜೆಕ್ಟು ಸಿವಿಎಸ್ ಎಂಬ ಹಿಂದಿನ ಉಪಕರಣದಿಂದ ಗಿಟ್ಟಿಗೆ ಬಂದಿದ್ದರೆ ಆಮದು ಮಾಡಿದ ದಿನದ ಹಿಂದಿನ ಇತಿಹಾಸ ಮೇಲಿಂಗ್ ಲಿಸ್ಟಿನ ಹಳೆಯ ಪ್ಯಾಚುಗಳಲ್ಲಿ (ಬದಲಾವಣೆಯ ತುಣುಕುಗಳಲ್ಲಿ) ಮಾತ್ರ ಇರಬಹುದು.

ಇನ್ನೊಂದು ಮುಳ್ಳು: ಆ ಕೋಡ್ ಬರೆಯುವಾಗ ನೀವು ಎಲ್ಲಿ ಕೆಲಸದಲ್ಲಿದ್ದಿರಿ? ಉದ್ಯೋಗದ ಭಾಗವಾಗಿ ಬರೆದದ್ದರ ಹಕ್ಕು ಅನೇಕ ದೇಶಗಳಲ್ಲಿ ಉದ್ಯೋಗದಾತರದು. ಕೊಡುಗೆದಾರರ ಒಪ್ಪಂದಕ್ಕೆ ಸಹಿ ಹಾಕಿ ಹಕ್ಕನ್ನು ಪ್ರತಿಷ್ಠಾನಕ್ಕೆ ವರ್ಗಾಯಿಸಿದ್ದರೆ ದಾವೆ ಹೂಡಬೇಕಾದದ್ದು ಅವರು, ನೀವಲ್ಲ. ಹಳೆಯ ನೇಮಕಾತಿ ಪತ್ರವನ್ನು ಈಗಲೇ ಹುಡುಕಿ ಓದಿ. ಎದುರು ಪಕ್ಷದ ವಕೀಲರು ಓದುವ ಮೊದಲ ಕಾಗದ ಅದೇ.

ಸಾಕ್ಷ್ಯ, ಅವರಿಗೆ ಗೊತ್ತಾಗುವ ಮುಂಚೆ

ಪತ್ರ ಹೋದ ಮರುದಿನ ಡೌನ್‌ಲೋಡ್ ಪುಟ ಮಾಯವಾಗಬಹುದು. ಆದ್ದರಿಂದ ಮೊದಲು ಸಂಗ್ರಹ, ಆಮೇಲೆ ಪತ್ರ.

ಸಾಧನವಾದರೆ ಒಂದನ್ನು ಕೊಂಡು ರಸೀದಿ ಇಟ್ಟುಕೊಳ್ಳಿ. ಪೆಟ್ಟಿಗೆ, ಕೈಪಿಡಿ, ಮಾದರಿ ಸಂಖ್ಯೆಯ ಲೇಬಲ್‌ಗಳ ಫೋಟೊ ತೆಗೆಯಿರಿ. ಫರ್ಮ್‌ವೇರ್ (ಸಾಧನದೊಳಗಿನ ತಂತ್ರಾಂಶ) ಫೈಲ್ ಇಳಿಸಿಕೊಂಡು ಅದರ ಶಾ-256 ಮೊತ್ತವನ್ನು (ಫೈಲ್ ಬದಲಾದರೆ ತಾನೂ ಬದಲಾಗುವ ಗುರುತು) ದಿನಾಂಕದೊಂದಿಗೆ ಬರೆದಿಡಿ, ಮೂಲ ಫೈಲನ್ನು ಮುಟ್ಟದೆ ಪ್ರತಿಯ ಮೇಲೆ ಮಾತ್ರ ಕೆಲಸ ಮಾಡಿ. ಬಿನ್‌ವಾಕ್ ಎಂಬ ಉಪಕರಣ ಫರ್ಮ್‌ವೇರನ್ನು ಬಿಚ್ಚಿ ಒಳಗಿನ ಫೈಲ್ ವ್ಯವಸ್ಥೆಯನ್ನು ಹೊರತೆಗೆಯುತ್ತದೆ. ಆಮೇಲೆ ಸ್ಟ್ರಿಂಗ್ಸ್ ಆಜ್ಞೆ ಓಡಿಸಿದರೆ ಬೈನರಿಯಲ್ಲಿ (ಯಂತ್ರ ಓಡಿಸುವ, ಕಂಪೈಲ್ ಆದ ರೂಪದಲ್ಲಿ) ಹುದುಗಿರುವ ಪಠ್ಯ ಕಾಣುತ್ತದೆ. ಬಿಜಿಬಾಕ್ಸ್ ಎಂಬ ಉಪಕರಣಗಳ ಗುಚ್ಛ ತನ್ನ ಆವೃತ್ತಿ ಸಂಖ್ಯೆಯನ್ನು, ಲಿನಕ್ಸ್ ಕರ್ನಲ್ ತನ್ನ ಆವೃತ್ತಿಯ ಜೊತೆ ಕಂಪೈಲ್ ಆದ ದಿನಾಂಕವನ್ನೂ ಹೀಗೆ ತಾವೇ ಹೇಳಿಬಿಡುತ್ತವೆ. ನೀವು ಬರೆದ ದೋಷ ಸಂದೇಶವೊಂದು ಅಕ್ಷರ ತಪ್ಪಿನ ಸಮೇತ ಅಲ್ಲಿ ಸಿಕ್ಕರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಇಷ್ಟಾದ ಮೇಲೆ ಕೈಪಿಡಿಯ ಕೊನೆಯ ಪುಟಗಳನ್ನು, ಸಾಧನದ ಸೆಟ್ಟಿಂಗ್ಸ್ ಮೆನುವಿನ "ಕಾನೂನು ಮಾಹಿತಿ"ಯನ್ನು ಪೂರ್ತಿ ಓದಿ. ಸೋರ್ಸ್ ಕೊಡುತ್ತೇವೆಂಬ ಲಿಖಿತ ಭರವಸೆ ಸಣ್ಣ ಅಕ್ಷರದಲ್ಲಿ ಅಲ್ಲೆಲ್ಲೋ ಇರಬಹುದು. ಇದ್ದರೆ ಮೊದಲು ಆ ವಿಳಾಸಕ್ಕೇ ಬರೆದು ಸೋರ್ಸ್ ಕೇಳಿ. ಉತ್ತರ ಬಾರದಿದ್ದರೆ ಆ ಮೌನವೂ ಕಡತಕ್ಕೆ ಸೇರುತ್ತದೆ.

ಲೈಸೆನ್ಸ್ ಕೇಳುವುದೇನು, ಕೇಳದಿರುವುದೇನು

ಎಂಐಟಿ, ಬಿಎಸ್‌ಡಿ ಲೈಸೆನ್ಸುಗಳದ್ದು ಸಣ್ಣ ಬೇಡಿಕೆ: ಕಾಪಿರೈಟ್ ಸಾಲು ಮತ್ತು ಅನುಮತಿಯ ಪಠ್ಯ ಪ್ರತಿಯ ಜೊತೆಗೆ ಹೋಗಬೇಕು. ಅಪಾಚೆ 2.0 ಇದರ ಜೊತೆಗೆ ಬದಲಿಸಿದ ಫೈಲುಗಳಲ್ಲಿ ಬದಲಾವಣೆಯ ಸೂಚನೆಯನ್ನು ಕೇಳುತ್ತದೆ, "ನೋಟಿಸ್" ಎಂಬ ಹೆಸರಿನ ಫೈಲ್ ಇದ್ದರೆ ಅದನ್ನೂ ಮುಂದೆ ಸಾಗಿಸಬೇಕು. ಇವುಗಳ ಉಲ್ಲಂಘನೆ ಹೆಚ್ಚಾಗಿ ಅಜಾಗರೂಕತೆ. ಒಂದು ಪಠ್ಯ ಫೈಲ್ ಸೇರಿಸಿದರೆ ಸರಿಹೋಗುವ ಸಂಗತಿಗೆ ಸಮರ ಸಾರಬೇಕಿಲ್ಲ.

ಜಿಪಿಎಲ್ ಕಥೆ ಬೇರೆ. 1991ರ ಎರಡನೇ ಆವೃತ್ತಿಯ 3ನೇ ವಿಧಿಯ ಪ್ರಕಾರ ಬೈನರಿ ಹಂಚುವವರು ಪೂರ್ತಿ ಸೋರ್ಸನ್ನು ಜೊತೆಗೇ ಕೊಡಬೇಕು, ಇಲ್ಲವೇ ಕನಿಷ್ಠ 3 ವರ್ಷ ಚಾಲ್ತಿಯಲ್ಲಿರುವ ಲಿಖಿತ ಭರವಸೆ ಕೊಡಬೇಕು. ಭರವಸೆಯ ದಾರಿ ಹಿಡಿದರೆ ಕೇಳಿದ ಯಾರಿಗೇ ಆಗಲಿ ಕೊಡಲೇಬೇಕು. ಸೋರ್ಸನ್ನು ಪೆಟ್ಟಿಗೆಯಲ್ಲೇ ಇಟ್ಟು ಮಾರಿದ್ದರೆ ಕೊಳ್ಳದವರಿಗೆ ಏನನ್ನೂ ಕೊಡಬೇಕಾಗಿಲ್ಲ. "ಅವರ ಜಾಲತಾಣದಲ್ಲಿ ಸೋರ್ಸ್ ಇಲ್ಲ" ಎಂಬುದೊಂದೇ ಉಲ್ಲಂಘನೆಯಲ್ಲ ಎಂದು ಇದರರ್ಥ. ಈ ತಪ್ಪು ಆರೋಪ ಹೊತ್ತ ಪತ್ರ ಮೊದಲ ಸುತ್ತಿನಲ್ಲೇ ನಗೆಪಾಟಲಾಗುತ್ತದೆ.

ಕೊಟ್ಟ ಸೋರ್ಸ್ ಪೂರ್ತಿಯೇ ಎಂದು ಪರೀಕ್ಷಿಸುವುದು ಇನ್ನೊಂದು ಕಸರತ್ತು. ಕಂಪೈಲ್ ಮತ್ತು ಇನ್‌ಸ್ಟಾಲ್ ಮಾಡಲು ಬೇಕಾದ ಸ್ಕ್ರಿಪ್ಟುಗಳೂ ಸೋರ್ಸಿನ ಭಾಗವೇ ಎಂದು ಲೈಸೆನ್ಸ್ ನೇರವಾಗಿ ಹೇಳುತ್ತದೆ. ಏನೂ ಇಲ್ಲದ ಹೊಸ ವರ್ಚುವಲ್ ಯಂತ್ರದಲ್ಲಿ ಅವರ ಸೂಚನೆಯನ್ನಷ್ಟೇ ಅನುಸರಿಸಿ ಕಟ್ಟಿ ನೋಡಿ. ಕೆಡುವ ಜಾಗಗಳು ಬಹುಪಾಲು ಇವೇ:

- ಮೂಲ ಪ್ರಾಜೆಕ್ಟಿನ ತಾಣದಿಂದ ಇಳಿಸಿದ ಟಾರ್ ಫೈಲನ್ನೇ ಕೊಟ್ಟಿರುತ್ತಾರೆ, ಕಂಪನಿ ಮಾಡಿದ ಬದಲಾವಣೆಗಳು ಅದರಲ್ಲಿರುವುದಿಲ್ಲ.
- ಕರ್ನಲ್ ಸಂರಚನೆಯ ಕಾನ್ಫಿಗ್ ಫೈಲ್ ಇರುವುದಿಲ್ಲ.
- ಕೊಟ್ಟ ಸೋರ್ಸಿನ ಆವೃತ್ತಿಗೂ ಮಾರಿದ ಬೈನರಿಯ ಆವೃತ್ತಿಗೂ ತಾಳೆಯಾಗುವುದಿಲ್ಲ. ಫರ್ಮ್‌ವೇರ್ ಐದು ಸಲ ನವೀಕರಣಗೊಂಡಿದ್ದರೂ ಸೋರ್ಸ್ ಮೊದಲನೆಯದ್ದೇ ಉಳಿದಿರುತ್ತದೆ.
- ಕಟ್ಟಲು ಯಾವ ಕಂಪೈಲರ್ ಸರಣಿ ಬೇಕೆಂಬ ಸುಳಿವೇ ಇರುವುದಿಲ್ಲ.

2007ರ ಮೂರನೇ ಆವೃತ್ತಿ ಗ್ರಾಹಕ ಸಾಧನಗಳ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬದಲಿಸಿದ ತಂತ್ರಾಂಶವನ್ನು ಅದೇ ಸಾಧನದಲ್ಲಿ ಕೂರಿಸಲು ಬೇಕಾದ ಕೀಲಿಗಳನ್ನೂ ಮಾಹಿತಿಯನ್ನೂ ಕೇಳುತ್ತದೆ. ಅಫೆರೊ ಜಿಪಿಎಲ್ ಎಂಬ ಸೋದರ ಲೈಸೆನ್ಸಿನ 3ನೇ ಆವೃತ್ತಿಯ 13ನೇ ವಿಧಿ ತಂತ್ರಾಂಶವನ್ನು ಹಂಚದೆ ಜಾಲದ ಮೂಲಕ ಸೇವೆಯಾಗಿ ಮಾತ್ರ ಕೊಡುವವರಿಗೂ ಅನ್ವಯಿಸುತ್ತದೆ, ಆದರೆ ಅವರು ಅದನ್ನು ಬದಲಿಸಿದ್ದರೆ ಮಾತ್ರ. ಈ "ಬದಲಿಸಿದ್ದರೆ" ಎಂಬ ಪದವನ್ನು ಮರೆತ ಆರೋಪ ಪತ್ರಗಳು ಬೇಕಾದಷ್ಟಿವೆ.

ಪತ್ರ ಬರೆಯುವುದು

ಒಂದೂವರೆ ಪುಟ ಮೀರಬೇಡಿ. ಉತ್ಪನ್ನದ ಹೆಸರು, ಮಾದರಿ, ಫರ್ಮ್‌ವೇರ್ ಆವೃತ್ತಿ, ಶಾ-256 ಮೊತ್ತ. ನಿಮ್ಮ ಕೋಡ್ ಯಾವುದು, ಎಲ್ಲಿ ಸಿಕ್ಕಿತು. ಯಾವ ಲೈಸೆನ್ಸಿನ ಯಾವ ವಿಧಿ ಪಾಲನೆಯಾಗಿಲ್ಲ. ಏನು ಮಾಡಿದರೆ ನಿಮಗೆ ಸಮಾಧಾನ. ಎಷ್ಟು ದಿನ ಕಾಯುತ್ತೀರಿ. 30 ದಿನ ಸಾಕಷ್ಟು ನ್ಯಾಯವಾದ ಗಡುವು. ಗ್ರಾಹಕ ಸೇವೆಯ ಪೆಟ್ಟಿಗೆಗೆ ಹಾಕಿದ ಪತ್ರ ಅಲ್ಲೇ ಕೊಳೆಯುತ್ತದೆ, ಆದ್ದರಿಂದ ಕಾನೂನು ವಿಭಾಗಕ್ಕೆ ಸ್ವೀಕೃತಿ ಸಿಗುವ ಅಂಚೆಯಲ್ಲಿ ಕಳಿಸಿ.

ಮೊದಲ ಪತ್ರದಲ್ಲಿ ಹಣ ಕೇಳಬೇಡಿ, ಪತ್ರ ತಲುಪುವ ಮುಂಚೆ ಜಾಲತಾಣಗಳಲ್ಲಿ ಡಂಗುರ ಹೊಡೆಯಬೇಡಿ. ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಮತ್ತು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2015ರಲ್ಲಿ ಪ್ರಕಟಿಸಿದ ತತ್ತ್ವಗಳೂ ಇದನ್ನೇ ಹೇಳುತ್ತವೆ: ಪಾಲನೆ ಮೊದಲು, ಹಣದಾಸೆಗೆ ಆದ್ಯತೆಯಿಲ್ಲ, ನ್ಯಾಯಾಲಯ ಕೊನೆಗೆ. ಇದರಲ್ಲಿ ಸೌಜನ್ಯಕ್ಕಿಂತ ವ್ಯವಹಾರ ಜ್ಞಾನ ಹೆಚ್ಚು. ಒಳಗಿರುವ ಎಂಜಿನಿಯರುಗಳು ಹಲವು ಸಲ ನಿಮ್ಮ ಪರವೇ ಇರುತ್ತಾರೆ. ಸಾರ್ವಜನಿಕ ಜಗಳ ಶುರುವಾದ ಕ್ಷಣ ಅವರ ಬಾಯಿಗೆ ಬೀಗ ಬೀಳುತ್ತದೆ.

2003ರಲ್ಲಿ ಲಿಂಕ್‌ಸಿಸ್‌ನ ಡಬ್ಲ್ಯುಆರ್‌ಟಿ54ಜಿ ರೂಟರಿನಲ್ಲಿ ಲಿನಕ್ಸ್ ಇರುವುದು ಬಯಲಾಗಿ, ಒತ್ತಡಕ್ಕೆ ಮಣಿದು ಕಂಪನಿ ಸೋರ್ಸ್ ಬಿಡುಗಡೆ ಮಾಡಿತು. ಇಂದಿನ ಓಪನ್‌ಡಬ್ಲ್ಯುಆರ್‌ಟಿ ಎಂಬ ರೂಟರ್ ತಂತ್ರಾಂಶ ಬೆಳೆದದ್ದು ಆ ಕೋಡಿನಿಂದ. ಹಣದ ಪರಿಹಾರದಿಂದ ಇಂಥದ್ದು ಹುಟ್ಟುತ್ತಿರಲಿಲ್ಲ.

ಪತ್ರಕ್ಕೆ ಬಗ್ಗದಿದ್ದರೆ

ಕೋಡ್ ಗಿಟ್‌ಹಬ್‌ನಂಥ ಸಂಗ್ರಹ ತಾಣದಲ್ಲಿದ್ದರೆ ಅಮೆರಿಕದ ಡಿಎಂಸಿಎ (ಡಿಜಿಟಲ್ ಕಾಪಿರೈಟ್) ಕಾಯಿದೆಯಡಿ ತಾಣಕ್ಕೆ ತೆಗೆಸುವ ನೋಟಿಸ್ ಕೊಡಬಹುದು. ಎದುರಿನವರು ಪ್ರತಿ-ನೋಟಿಸ್ ಕೊಟ್ಟರೆ, ನೀವು ದಾವೆ ಹೂಡದ ಹೊರತು 10ರಿಂದ 14 ಕೆಲಸದ ದಿನಗಳಲ್ಲಿ ಅದು ಮರಳಿ ಬರುತ್ತದೆ. ದಾವೆಗೆ ಸಿದ್ಧರಿಲ್ಲದಿದ್ದರೆ ಈ ಅಸ್ತ್ರ ಎತ್ತಬೇಡಿ.

ದಾವೆಯಾದರೆ ಊರಿಗೊಂದು ಗಡಿಯಾರ. ಅಮೆರಿಕದಲ್ಲಿ ಅಲ್ಲಿಯದೇ ಕೃತಿಗೆ ದಾವೆ ಹೂಡುವ ಮುಂಚೆ ಕಾಪಿರೈಟ್ ನೋಂದಣಿ ಆಗಿರಲೇಬೇಕು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಖಚಿತಪಡಿಸಿತು. ಉಲ್ಲಂಘನೆ ಶುರುವಾದ ಮೇಲೆ ನೋಂದಾಯಿಸಿದರೆ ಶಾಸನಬದ್ಧ ಪರಿಹಾರ ಸಾಮಾನ್ಯವಾಗಿ ಕೈತಪ್ಪುತ್ತದೆ. ಆ ಪರಿಹಾರ ಕೃತಿಯೊಂದಕ್ಕೆ 750ರಿಂದ 30,000 ಡಾಲರ್, ಬೇಕೆಂದೇ ಮಾಡಿದ್ದರೆ 1,50,000ದವರೆಗೆ. ಜರ್ಮನಿಯಲ್ಲಿ ನೋಂದಣಿಯ ಗೊಡವೆಯಿಲ್ಲ. 2004ರಲ್ಲೇ ಮ್ಯೂನಿಕ್ ನ್ಯಾಯಾಲಯ ಸೈಟ್‌ಕಾಮ್ ಕಂಪನಿಯ ವಿರುದ್ಧ ಜಿಪಿಎಲ್ ಎತ್ತಿಹಿಡಿದು ತಡೆಯಾಜ್ಞೆ ನೀಡಿತು. ಆದರೆ ತುರ್ತು ತಡೆಯಾಜ್ಞೆ ಬೇಕಿದ್ದರೆ ವಿಷಯ ತಿಳಿದ ಒಂದು ತಿಂಗಳೊಳಗೆ ಹೋಗಬೇಕೆಂಬುದು ಮ್ಯೂನಿಕ್ ನ್ಯಾಯಾಲಯಗಳ ರೂಢಿ. 30 ದಿನದ ಗಡುವು ಕೊಟ್ಟು ಕಾಯುತ್ತ ಕೂತರೆ ಈ ಬಾಗಿಲು ಮುಚ್ಚಿರುತ್ತದೆ. ಅಲ್ಲಿಗೆ ಹೋಗುವ ಯೋಚನೆಯಿದ್ದರೆ ಗಡುವನ್ನು ಮೊದಲೇ ಚಿಕ್ಕದಾಗಿಡಿ.

ಕಾಲದ ಬಗ್ಗೆಯೂ ಭ್ರಮೆ ಬೇಡ. ಲಾಸ್ಸೊ ಎಂಬ ಜಿಪಿಎಲ್ ಲೈಬ್ರರಿಗಾಗಿ ಆಂತ್ರೂವೇರ್ ಎಂಬ ಸಣ್ಣ ಸಂಸ್ಥೆ ಫ್ರಾನ್ಸಿನ ದೂರಸಂಪರ್ಕ ದೈತ್ಯ ಆರೆಂಜ್ ವಿರುದ್ಧ 2011ರಲ್ಲಿ ದಾವೆ ಹೂಡಿತು. ಪ್ಯಾರಿಸ್ ಮೇಲ್ಮನವಿ ನ್ಯಾಯಾಲಯ ಆರ್ಥಿಕ ನಷ್ಟಕ್ಕೆ 5 ಲಕ್ಷ ಯೂರೊ, ನೈತಿಕ ಹಾನಿಗೆ 1.5 ಲಕ್ಷ ಯೂರೊ ಕೊಡಿಸಿದ್ದು 2024ರ ಫೆಬ್ರವರಿಯಲ್ಲಿ. ಎಸ್‌ಸಿಒ ಕಂಪನಿ ತನ್ನ ಯೂನಿಕ್ಸ್ ಕೋಡ್ ಲಿನಕ್ಸಿಗೆ ಸೇರಿದೆಯೆಂದು ಐಬಿಎಂ ಮೇಲೆ 2003ರಲ್ಲಿ ಹೂಡಿದ ದಾವೆ ರಾಜಿಯಲ್ಲಿ ಮುಗಿದದ್ದು 2021ರಲ್ಲಿ. ಅಷ್ಟರಲ್ಲಿ ಎಸ್‌ಸಿಒ ದಿವಾಳಿಯಾಗಿತ್ತು, ಯೂನಿಕ್ಸ್ ಕಾಪಿರೈಟ್ ಅದರದ್ದಲ್ಲ, ನೊವೆಲ್ ಕಂಪನಿಯದು ಎಂದು ಜ್ಯೂರಿ 2010ರಲ್ಲೇ ಹೇಳಿಯಾಗಿತ್ತು. ಹಕ್ಕು ಯಾರದೆಂದು ನೋಡಿಕೊಳ್ಳದೆ ಹೊರಟ ದಾವೆಗೆ ಇದಕ್ಕಿಂತ ದುಬಾರಿ ಉದಾಹರಣೆ ಸಿಗಲಿಕ್ಕಿಲ್ಲ.

ನೋಟಿಸ್ ನಿಮಗೇ ಬಂದಿದ್ದರೆ

ಮೊದಲ ದಿನ: ಏನನ್ನೂ ಅಳಿಸಬೇಡಿ. ರೆಪೊಸಿಟರಿ, ಬಿಲ್ಡ್ ಯಂತ್ರ, ಚಾಟ್, ಇಮೇಲ್ ಎಲ್ಲದರ ಸ್ವಯಂ-ಅಳಿಸುವಿಕೆ ನಿಲ್ಲಿಸಿ. "ಪತ್ರ ತಲುಪಿದೆ, ಪರಿಶೀಲಿಸುತ್ತಿದ್ದೇವೆ, ಇಂಥ ದಿನಾಂಕದೊಳಗೆ ಉತ್ತರಿಸುತ್ತೇವೆ" ಎಂದು ಮೂರು ಸಾಲು ಬರೆಯಿರಿ. ತಪ್ಪೊಪ್ಪಿಗೆಯೂ ಬೇಡ, ನಿರಾಕರಣೆಯೂ ಬೇಡ. ದಾವೆಯವರೆಗೆ ಹೋದ ಪ್ರಕರಣಗಳಲ್ಲಿ ಬಹಳಷ್ಟರ ಹಿಂದೆ ಇರುವುದು ಉತ್ತರವಿಲ್ಲದ ಇಮೇಲುಗಳ ಸರಮಾಲೆ.

ಮೊದಲ ವಾರ: ಲೈಸೆನ್ಸ್ ಪತ್ತೆಹಚ್ಚುವ ಸ್ಕ್ಯಾನ್‌ಕೋಡ್ ಅಥವಾ ಫಾಸಾಲಜಿ ಉಪಕರಣ ಓಡಿಸಿ ಉತ್ಪನ್ನದಲ್ಲಿ ಏನೇನಿದೆ ಪಟ್ಟಿ ಮಾಡಿ, ಆರೋಪಿಸಿದ ಭಾಗವನ್ನಷ್ಟೇ ಅಲ್ಲ. ಒಂದು ಕಡೆ ತಪ್ಪಾಗಿದ್ದರೆ ಇನ್ನೂ ಮೂರು ಕಡೆ ಆಗಿರುತ್ತದೆ. ಪೂರೈಕೆದಾರರಿಂದ ಬಂದ ಭಾಗವಾದರೆ ಅವರಿಂದ ಸೋರ್ಸ್ ಕೇಳಿ, ಆದರೆ "ತಪ್ಪು ಅವರದು" ಎಂಬುದು ನಿಮ್ಮ ಉತ್ತರವಾಗುವುದಿಲ್ಲ. ಹಂಚಿದವರು ನೀವು.

ಅದೇ ವೇಳೆ ಪತ್ರ ಬರೆದವರ ಹಕ್ಕನ್ನೂ ಪರಿಶೀಲಿಸಿ. ಯಾವ ಫೈಲು, ಯಾವ ಕಮಿಟ್ ಎಂದು ಕೇಳುವುದು ಉದ್ಧಟತನವಲ್ಲ.

ಇನ್ನು ಗಡುವಿನ ಲೆಕ್ಕ. ಜಿಪಿಎಲ್ 2ರಲ್ಲಿ ಷರತ್ತು ಮುರಿದ ಕೂಡಲೇ ಹಕ್ಕು ತಾನಾಗಿ ರದ್ದು, ಮರಳುವ ದಾರಿಯನ್ನು ಪಠ್ಯ ಹೇಳುವುದೇ ಇಲ್ಲ. ಜಿಪಿಎಲ್ 3ರಲ್ಲಿ ಉಲ್ಲಂಘನೆ ನಿಲ್ಲಿಸಿದರೆ ಹಕ್ಕು ತಾತ್ಕಾಲಿಕವಾಗಿ ಮರಳುತ್ತದೆ, ಆಮೇಲೆ 60 ದಿನ ಹಕ್ಕುದಾರರಿಂದ ನೋಟಿಸ್ ಬರದಿದ್ದರೆ ಶಾಶ್ವತ. ಆ ಹಕ್ಕುದಾರರಿಂದ ಮೊದಲ ಸಲ ನೋಟಿಸ್ ಬಂದವರು 30 ದಿನದಲ್ಲಿ ಸರಿಪಡಿಸಿದರೂ ಶಾಶ್ವತ. ಲಿನಕ್ಸ್ ಕರ್ನಲ್ ಜಿಪಿಎಲ್ 2ರಲ್ಲಿದ್ದರೂ ಅದರ ಅನೇಕ ಡೆವಲಪರುಗಳು 2017ರ ಅಕ್ಟೋಬರಿನಲ್ಲಿ ಈ ಮೂರನೇ ಆವೃತ್ತಿಯ ವಿನಾಯಿತಿಯನ್ನು ತಮ್ಮ ಕೋಡಿಗೂ ಕೊಡುವುದಾಗಿ ಘೋಷಿಸಿದರು. ಮರು ತಿಂಗಳು ರೆಡ್ ಹ್ಯಾಟ್, ಐಬಿಎಂ, ಗೂಗಲ್, ಫೇಸ್‌ಬುಕ್ ಇಂಥದ್ದೇ ಬದ್ಧತೆ ಪ್ರಕಟಿಸಿದವು. ಪತ್ರ ಬರೆದವರು ಆ ಪಟ್ಟಿಯಲ್ಲಿದ್ದಾರೆಯೇ ನೋಡಿ.

ಜರ್ಮನಿಯಿಂದ ಬಂದ ಪತ್ರವಾದರೆ ಇನ್ನೊಂದು ಎಚ್ಚರ. "ಇನ್ನು ಮುಂದೆ ಉಲ್ಲಂಘಿಸುವುದಿಲ್ಲ, ಉಲ್ಲಂಘಿಸಿದರೆ ಇಷ್ಟು ದಂಡ" ಎಂಬ ಮುಚ್ಚಳಿಕೆ ಜೊತೆಗಿರುತ್ತದೆ. ಪತ್ರದಲ್ಲಿ ಕೇಳಿದ ಖರ್ಚಿನ ಮೊತ್ತ ಚಿಕ್ಕದೆಂದು ಸಹಿ ಹಾಕಿ ಕೈತೊಳೆದುಕೊಂಡವರನ್ನು ಕೆಲವು ತಿಂಗಳ ನಂತರ ಇನ್ನೊಂದು ಸಣ್ಣ ಲೋಪ ತೋರಿಸಿ ಒಪ್ಪಂದದ ದಂಡಕ್ಕೆ ಹಿಡಿದ ಉದಾಹರಣೆಗಳಿವೆ. ಎಲ್ಲ ಉತ್ಪನ್ನಗಳೂ ಪಾಲನೆಯಲ್ಲಿವೆ ಎಂದು ಖಾತರಿಯಾಗುವವರೆಗೆ ಅದಕ್ಕೆ ಸಹಿ ಹಾಕಬೇಡಿ, ಒಕ್ಕಣೆಯನ್ನು ವಕೀಲರಿಂದ ತಿದ್ದಿಸದೆ ಅಂತೂ ಬೇಡವೇ ಬೇಡ.

"ನಮ್ಮ ಸ್ವಂತ ಕೋಡನ್ನೆಲ್ಲ ತೆರೆಯಬೇಕಾಗುತ್ತದೆ" ಎಂಬ ಗಾಬರಿ ಆಡಳಿತ ಮಂಡಳಿಯಲ್ಲಿ ತಪ್ಪದೆ ಏಳುತ್ತದೆ. ಕಾಪಿರೈಟ್ ದಾವೆಯಲ್ಲಿ ನ್ಯಾಯಾಲಯ ಸಾಮಾನ್ಯವಾಗಿ ಕೊಡುವುದು ತಡೆಯಾಜ್ಞೆ ಮತ್ತು ಪರಿಹಾರ. ಕೋಡ್ ತೆರೆಯುವುದೋ ಆ ಭಾಗವನ್ನು ಕಿತ್ತು ಬೇರೆಯದನ್ನು ಕೂರಿಸುವುದೋ ನಿಮ್ಮ ಆಯ್ಕೆ. ಆದರೆ ಕಿತ್ತುಹಾಕಿದರೆ ಮುಂದಿನ ಆವೃತ್ತಿ ಮಾತ್ರ ಶುದ್ಧವಾಗುತ್ತದೆ, ಈಗಾಗಲೇ ಮಾರಿದ ಪ್ರತಿಗಳ ಸೋರ್ಸಿನ ಲೆಕ್ಕ ಹಾಗೇ ಉಳಿಯುತ್ತದೆ. ಇನ್ನೊಂದು: ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ 2021ರಲ್ಲಿ ಟಿವಿ ತಯಾರಕ ವಿಜಿಯೊ ವಿರುದ್ಧ ಹೂಡಿದ ದಾವೆಯಲ್ಲಿ ಹಕ್ಕುದಾರರಾಗಿ ಅಲ್ಲ, ಟಿವಿ ಕೊಂಡ ಗ್ರಾಹಕರಾಗಿ, ಹಣವನ್ನಲ್ಲ, ಸೋರ್ಸನ್ನೇ ಕೇಳಿದೆ. ಲೈಸೆನ್ಸನ್ನು ಒಪ್ಪಂದವೆಂದು ನೋಡುವ ಈ ದಾರಿ ಗಟ್ಟಿಯಾದಷ್ಟೂ ಮೇಲಿನ ಸಮಾಧಾನ ತೆಳುವಾಗುತ್ತದೆ.

ಪೇಟೆಂಟ್, ಹೆಸರು

ಪೇಟೆಂಟ್ ನೋಟಿಸ್ ಬಂದರೆ ತಂಡದ ಚಾಟಿನಲ್ಲಿ ಅದರ ಬಗ್ಗೆ ಒಂದಕ್ಷರವೂ ಬರೆಯದೆ ನೇರ ವಕೀಲರ ಬಳಿ ಹೋಗಿ. "ಹೌದು, ನಮ್ಮದೂ ಹೀಗೇ ಇದೆ" ಎಂಬ ಒಂದು ತಮಾಷೆಯ ಸಾಲು ಮುಂದೆ ಸಾಕ್ಷಿಯಾಗುತ್ತದೆ. 2019ರಲ್ಲಿ ಶಾಟ್‌ವೆಲ್ ಎಂಬ ಫೋಟೊ ತಂತ್ರಾಂಶದ ಕಾರಣಕ್ಕೆ ಗ್ನೋಮ್ ಫೌಂಡೇಶನ್ ಮೇಲೆ ಬಿದ್ದ ದಾವೆಗೆ ಅವರು ಹಣ ಕೊಟ್ಟು ಬಿಡಿಸಿಕೊಳ್ಳಲಿಲ್ಲ. ನಿಧಿ ಸಂಗ್ರಹಿಸಿ ಪೇಟೆಂಟನ್ನೇ ಪ್ರಶ್ನಿಸಲು ಹೊರಟರು. 2020ರ ಮೇ ತಿಂಗಳಲ್ಲಿ ಎದುರು ಪಕ್ಷವೇ ರಾಜಿಗೆ ಬಂತು. ದಾವೆ ಹೂಡಿದವರು ಅಪಾಚೆ 2.0 ಅಡಿಯ ನಿಮ್ಮ ಪ್ರಾಜೆಕ್ಟನ್ನು ಬಳಸುತ್ತಿದ್ದರೆ ಅದರ 3ನೇ ವಿಧಿ ಓದಿ: ಆ ಕೃತಿಯ ಮೇಲೆ ಪೇಟೆಂಟ್ ದಾವೆ ಹೂಡಿದವರು ಅದೇ ಕೃತಿಗೆ ತಮಗೆ ಸಿಕ್ಕ ಪೇಟೆಂಟ್ ಅನುಮತಿಯನ್ನು ಕಳೆದುಕೊಳ್ಳುತ್ತಾರೆ.

ಫೋರ್ಕ್ ಮಾಡಿದವರು (ಇನ್ನೊಬ್ಬರ ಕೋಡಿನಿಂದ ಬೇರೆ ಪ್ರಾಜೆಕ್ಟು ಕಟ್ಟಿದವರು) ಹೆಸರು, ಲೋಗೊ, ಪ್ಯಾಕೇಜ್ ಹೆಸರು ಮೊದಲ ದಿನವೇ ಬದಲಿಸಲಿ. ಕೋಡಿನ ಲೈಸೆನ್ಸ್ ಹೆಸರಿನ ಮೇಲೆ ಹಕ್ಕು ಕೊಡುವುದಿಲ್ಲ. ಲಿನಕ್ಸ್ ವಿತರಣೆ ಡೆಬಿಯನ್ 2006ರಿಂದ ಹತ್ತು ವರ್ಷ ಫೈರ್‌ಫಾಕ್ಸ್ ಬ್ರೌಸರನ್ನು ಐಸ್‌ವೀಸಲ್ ಎಂದು ಕರೆದದ್ದು ಇದೇ ಕಾರಣಕ್ಕೆ.

ಜಗಳಕ್ಕೆ ಮುಂಚಿನ ಕಾಗದ

ಎಸ್‌ಸಿಒ ದಾವೆಯ ಬಿಸಿ ತಗುಲಿದ ಮೇಲೆ 2004ರಲ್ಲಿ ಲಿನಕ್ಸ್ ಕರ್ನಲ್ ಒಂದು ಸರಳ ಪದ್ಧತಿ ತಂದಿತು: ಪ್ರತಿ ಪ್ಯಾಚಿನ ಕೊನೆಗೆ "ಸೈನ್ಡ್-ಆಫ್-ಬೈ" ಎಂಬ ಒಂದು ಸಾಲು. ಈ ಕೋಡನ್ನು ಕೊಡುವ ಹಕ್ಕು ನನಗಿದೆ ಎಂಬ ಪ್ರಮಾಣ ಅದು. ಗಿಟ್ ಕಮಿಟ್ ಮಾಡುವಾಗ ಒಂದೇ ಆಯ್ಕೆ ಸೇರಿಸಿದರೆ ಸಾಲು ತಾನಾಗಿ ಬೀಳುತ್ತದೆ. ಪ್ರತಿ ಫೈಲಿನ ತಲೆಯಲ್ಲಿ ಎಸ್‌ಪಿಡಿಎಕ್ಸ್ ಗುರುತನ್ನು (ಲೈಸೆನ್ಸ್ ಹೆಸರಿಸುವ ಪ್ರಮಾಣಿತ ಸಾಲು) ಹಾಕಿ, ಸ್ಕ್ಯಾನರ್‌ಗಳು ಊಹಿಸುವ ತೊಂದರೆ ತಪ್ಪುತ್ತದೆ. ಬೇರೆ ಕಡೆಯಿಂದ ತಂದ ತುಣುಕಿಗೆ ಅದರ ವಿಳಾಸ, ಲೈಸೆನ್ಸ್, ತಂದ ದಿನಾಂಕವನ್ನು ಕಮಿಟ್ ಸಂದೇಶದಲ್ಲೇ ಬರೆಯಿರಿ. ಮಾರಿದ ಪ್ರತಿ ಆವೃತ್ತಿಯ ಸೋರ್ಸನ್ನೂ ಬಿಲ್ಡ್ ಪರಿಸರವನ್ನೂ ಬೈನರಿಯ ಪಕ್ಕದಲ್ಲೇ ಕಟ್ಟಿಡಿ. ಜಿಪಿಎಲ್‌ನ 3 ವರ್ಷದ ಭರವಸೆಯ ಲೆಕ್ಕ ಕೊನೆಯ ಪ್ರತಿ ಹಂಚಿದ ದಿನದಿಂದ ಶುರುವಾಗುತ್ತದೆ, ಮೊದಲ ಪ್ರತಿಯಿಂದಲ್ಲ.